ಒಂದೇ ಬಾಯಿಯ ಊರು

ಆ ಊರಿನಲ್ಲಿ ನಡೆದುಹೋದದ್ದಕ್ಕೆ ಒಂದೇ ಬಾಯಿ ಇತ್ತು.

ಬೆಂಕಿ ಬೀಳಲಿ, ಬೇನೆ ಬರಲಿ, ದಂಡು ಹಾದುಹೋಗಲಿ, ದೊಡ್ಡದೇನಾದರೂ ನಡೆದ ಹದಿಮೂರನೆಯ ದಿನ ಊರು ಕಲ್ಲುಕಟ್ಟೆಯ ಮುಂದೆ ಬಂದು ಕೂರುತ್ತಿತ್ತು. ಕಂಡವರಲ್ಲಿ ಒಬ್ಬರನ್ನು ಹಿರಿಯರು ಆರಿಸುತ್ತಿದ್ದರು. ಆ ಒಬ್ಬರು ಕಟ್ಟೆ ಹತ್ತಿ, ಒಂದು ಬೊಗಸೆ ಕೆರೆನೀರು ಕುಡಿದು, ತಾವು ಕಂಡದ್ದನ್ನು ಹೇಳುತ್ತಿದ್ದರು. ಕಲ್ಲುಕುಟಿಗ ಅದನ್ನು ಕಲ್ಲಿಗೆ ಇಳಿಸುತ್ತಿದ್ದ. ಕೊನೆಯ ಅಕ್ಷರ ಮುಗಿದು ಅವನು ಕಲ್ಲಿನ ಪುಡಿ ಊದಿದನೆಂದರೆ, ಊರಿನವರ ತಲೆಯಲ್ಲಿ ಕಲ್ಲಿನಲ್ಲಿದ್ದಷ್ಟೇ ಉಳಿಯುತ್ತಿತ್ತು. ಮಿಕ್ಕದ್ದು ಒಗೆದ ಬಟ್ಟೆಯಿಂದ ನೀರು ಇಳಿದ ಹಾಗೆ ಇಳಿದುಹೋಗುತ್ತಿತ್ತು.

ಎರಡು ಬಗೆಯವರಿಗೆ ಮಾತ್ರ ಹಾಗಾಗುತ್ತಿರಲಿಲ್ಲ. ಹೇಳಿದವರಿಗೆ ಎಲ್ಲವೂ ನೆನಪಿರುತ್ತಿತ್ತು. ಅಲ್ಲಿದ್ದೂ ಕಲ್ಲಿನೊಳಗೆ ಬಾರದೆ ಹೋದವರಿಗೂ ನೆನಪಿರುತ್ತಿತ್ತು, ಕಲ್ಲು ಅವರನ್ನು ಮುಟ್ಟಿರುತ್ತಿರಲಿಲ್ಲವಲ್ಲ. ಆದರೆ ಕಲ್ಲು ಮುಟ್ಟದವರನ್ನು ಊರೂ ಮುಟ್ಟುತ್ತಿರಲಿಲ್ಲ. ಅವರನ್ನು ಎಲ್ಲಿಂದಲೋ ಬಂದವರಂತೆ ನೋಡುತ್ತಿತ್ತು.

ಆ ಊರಿಗೊಬ್ಬ ನೀರಗಂಟಿ ಇದ್ದ. ಕೆರೆಯ ತೂಬು ಎತ್ತುವುದು, ಇಳಿಸುವುದು, ಗದ್ದೆಗದ್ದೆಗೆ ನೀರು ಹಂಚುವುದು ಅವನ ಕೆಲಸ. ತಾಯಿ ಅವನನ್ನು ಹೆತ್ತು ಕಣ್ಣು ಮುಚ್ಚಿದ್ದಳು. ಸಾಕಿದವಳು ಅಕ್ಕ. ಅವನನ್ನು ಸೊಂಟಕ್ಕೇರಿಸಿಕೊಂಡಾಗ ಅವಳಿಗೆ ಹನ್ನೊಂದು ವರ್ಷ. ನೋಡಲು ಬಂದ ಎರಡು ಗಂಡುಗಳನ್ನು ಅವಳು ಬಾಗಿಲಿನಿಂದಲೇ ಕಳಿಸಿದಳು, ತಮ್ಮನ ಊಟಕ್ಕೆ ಯಾರು ಎಂದು. ಅವನು ದೊಡ್ಡವನಾಗಿ ತೂಬಿನ ಕೆಲಸ ಹಿಡಿದ ಮೇಲೆ ಸಂಜೆಸಂಜೆಗೂ ಹೊಸಿಲಲ್ಲಿ ನಿಂತು, ಕೆರೆಯ ಮೆಟ್ಟಿಲುಗಳಲ್ಲಿ ಎಷ್ಟು ನೀರಿನೊಳಗೆ ಮುಳುಗಿವೆ ಎಂದು ಹೇಳುತ್ತಿದ್ದ.

"ಅಕ್ಕಾ, ಇವತ್ತು ಎಂಟು ಮೆಟ್ಟಿಲು."

ಊರಿನ ನೀರಿನ ಸುದ್ದಿ ಊರಿಗಿಂತ ಮೊದಲು ಅವಳ ಕಿವಿಗೆ ಬೀಳುತ್ತಿತ್ತು. ಅದಕ್ಕಿಂತ ದೊಡ್ಡ ಆಸ್ತಿ ಅವಳಿಗೆ ಬೇಕಿರಲಿಲ್ಲ.

ಆಮೇಲೆ ಅವನು ಕೆಳಗೇರಿಯಿಂದ ಒಬ್ಬಳನ್ನು ಮದುವೆಯಾಗಿ ಬಂದ. ಬುಟ್ಟಿ ಹೆಣೆಯುವ, ಕಾಲು ಬಿದ್ದುಹೋಗಿದ್ದವನೊಬ್ಬನ ಮಗಳು. ಮದುವೆಯಾದ ಎಂಟನೆಯ ದಿನ ಅಕ್ಕ ಒಲೆಯ ಮುಂದೆ ಕೂತಿದ್ದಳು. ಹೊರಗೆ ಅಂಗಳದಲ್ಲಿ ತಮ್ಮನ ದನಿ ಕೇಳಿಸಿತು.

"ಇವತ್ತು ಏಳು ಮೆಟ್ಟಿಲು ಕಣೇ."

ಅಕ್ಕ ಮುದ್ದೆಕೋಲನ್ನು ಹಿಡಿದವಳು ಹಿಡಿದ ಹಾಗೇ ಕೂತಳು. ಮುದ್ದೆ ತಳ ಹಿಡಿಯಿತು. ಅವನು ಒಳಗೆ ಬಂದು ಅವಳಿಗೂ ಹೇಳಿದ. ಆದರೆ ಅದಾಗಲೇ ಇನ್ನೊಬ್ಬಳು ಕೇಳಿ ಮುಗಿಸಿದ ಸುದ್ದಿ. ಅಂದಿನಿಂದ ಅಕ್ಕನ ಹೊಟ್ಟೆಯಲ್ಲಿ ಒಂದು ಕೆಂಡ ಕೂತಿತು. ತಮ್ಮನ ಹೆಂಡತಿ ನಕ್ಕರೆ ಅದು ಉರಿಯುತ್ತಿತ್ತು, ಸುಮ್ಮನಿದ್ದರೂ ಉರಿಯುತ್ತಿತ್ತು. ಅವಳು ಕೆಟ್ಟವಳಾಗಿದ್ದರೆ ಬೈದು ಆರಿಸಿಕೊಳ್ಳಬಹುದಿತ್ತು. ಅವಳು ಕೆಟ್ಟವಳಾಗಿರಲಿಲ್ಲ.

ಎರಡು ವರ್ಷ ಹೀಗೆ ಕಳೆಯಿತು. ಒಂದು ಮಧ್ಯಾಹ್ನ ಮೇಲಿನ ಕೆರೆಗಳು ಒಂದರ ಹಿಂದೆ ಒಂದು ಒಡೆದು, ಅಷ್ಟೂ ನೀರು ಈ ಕೆರೆಗೆ ನುಗ್ಗಿತು. ಕೆರೆಯ ಮಣ್ಣಿನ ಏರಿ ನಡುವೆ ಒಡೆದರೆ ಇಡೀ ಊರು ಹೋಗುತ್ತದೆ. ಕೆಳಗೇರಿಯ ಬದಿಯಲ್ಲಿ ಕಡಿದರೆ ಕೆಳಗೇರಿಯೊಂದೇ ಹೋಗುತ್ತದೆ. ನೀರಗಂಟಿ ಹಾರೆ ಹಿಡಿದು ಏರಿ ಹತ್ತಿದ. ಸಂಜೆಯ ಹೊತ್ತಿಗೆ ಊರು ಉಳಿದಿತ್ತು, ಕೆಳಗೇರಿ ಸೊಂಟದ ಮಟ್ಟ ಕೆಸರಾಗಿತ್ತು, ನೀರಗಂಟಿ ಇರಲಿಲ್ಲ.

ಹದಿಮೂರನೆಯ ದಿನ ಕಟ್ಟೆಯ ಮುಂದೆ ಇಬ್ಬರು ಹೆಂಗಸರು ನಿಂತರು. ಅಕ್ಕ ಮೇಲಿನ ಬೀದಿಯ ಮಾಳಿಗೆಯಿಂದ ಕಂಡವಳು. ಹೆಂಡತಿ ಏರಿಯ ಬುಡದಿಂದ ಕಂಡವಳು.

ಹಿರಿಯ ಕೇಳಿದ, "ಇಬ್ಬರಲ್ಲಿ ಅವನನ್ನು ಮೊದಲು ಕಂಡವರು ಯಾರು?"

"ಹುಟ್ಟಿದಾಗ ಕಂಡವಳು ನಾನು," ಎಂದಳು ಅಕ್ಕ.

ಹಿರಿಯ ಕಟ್ಟೆಯ ಕಡೆ ಕೈ ತೋರಿಸಿದ. ಅವಳು ಕಟ್ಟೆ ಹತ್ತಿ ನೀರು ಕುಡಿದಳು. ಕೆಳಗೆ ತಮ್ಮನ ಹೆಂಡತಿ ಮಡಿಲಲ್ಲಿ ಕೈಯಿಟ್ಟುಕೊಂಡು, ತನ್ನ ಹೆಸರು ಬರುವುದನ್ನು ಕಾಯುತ್ತ ಕೂತಿದ್ದಳು. ಅವಳು ಅಳುತ್ತಿದ್ದ ರೀತಿ ಅಕ್ಕನ ಕಣ್ಣಿಗೆ ಬಿತ್ತು. ಸದ್ದಿಲ್ಲದೆ, ಒರೆಸಿಕೊಳ್ಳದೆ, ಅವನು ಬರೀ ತನ್ನವನಾಗಿದ್ದ ಎನ್ನುವ ಹಾಗೆ ಅಳುತ್ತಿದ್ದಳು. ಕೆಂಡ ಗಂಟಲಿಗೆ ಬಂತು.

ಅಕ್ಕ ಹೇಳಿದಳು: "ಅವನಿಗೆ ಅಕ್ಕನೊಬ್ಬಳೇ. ಬೇರೆ ಯಾರೂ ಇರಲಿಲ್ಲ. ಅವನು ಒಬ್ಬನೇ ಏರಿ ಹತ್ತಿದ. ನಿಲ್ಲಲಿಲ್ಲ, ಯೋಚಿಸಲಿಲ್ಲ, ಕಡಿದ. ಕೆಳಗೇರಿಯವರು ತಾವಾಗಿಯೇ ಮೊದಲೇ ಎದ್ದು ಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ. ಊರಿಗಾಗಿ ಅವನೊಬ್ಬ ಹೋದ."

ಹೆಂಡತಿ ಅರ್ಧ ಎದ್ದು, "ಅತ್ತಿಗೇ, ಇದೇನು..." ಎಂದಳು. ಉಳಿಯ ಸದ್ದು ಶುರುವಾಗಿತ್ತು. ಅದು ನಿಲ್ಲುವವರೆಗೂ ಅವಳು ಅಕ್ಕನ ಮುಖ ನೋಡುತ್ತಲೇ ಇದ್ದಳು. ಕಲ್ಲುಕುಟಿಗ ಬಗ್ಗಿ ಪುಡಿ ಊದಿದ. ಅಲ್ಲಿಯವರೆಗೆ ಅವಳ ಬೆನ್ನು ಸವರುತ್ತಿದ್ದ ಪಕ್ಕದ ಮನೆಯಾಕೆ ಕೈ ಹಿಂದಕ್ಕೆ ತೆಗೆದುಕೊಂಡು ಮರ್ಯಾದೆಯಿಂದ ಕೇಳಿದಳು.

"ಯಾವೂರಾಯ್ತಮ್ಮ ನಿಮ್ಮದು?"

ವರ್ಷವರ್ಷವೂ ಆ ದಿನ ಬಂದಾಗ ಊರಿನವರು ಬೆರಳನ್ನು ನೀರಿನಲ್ಲಿ ಅದ್ದಿ, ಕಲ್ಲಿನ ಅಕ್ಷರಗಳ ಮೇಲೆ ಒಂದೊಂದಾಗಿ ಆಡಿಸುತ್ತಿದ್ದರು. ಮೊದಲ ಬೆರಳು ಅಕ್ಕನದು. ದಾರಿಯಲ್ಲಿ ಅವಳು ಬಂದರೆ ಗಂಡಸರು ಪಕ್ಕಕ್ಕೆ ಸರಿಯುತ್ತಿದ್ದರು. ಕೆಳಗೇರಿಯ ತುದಿಯಲ್ಲಿ ಅರ್ಧ ಗೋಡೆ ಬಿದ್ದ ಮನೆಯೊಂದಿತ್ತು. ಅದು ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಕೆಳಗೇರಿಯ ಹೆಂಗಸರೆಲ್ಲ ಬುಟ್ಟಿ ಹೆಣೆಯುತ್ತಿದ್ದರು, ತಮಗೆ ಅದನ್ನು ಕಲಿಸಿದವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ. ಆ ಮುರುಕು ಮನೆಯಲ್ಲಿ ಎಲ್ಲಿಂದಲೋ ಬಂದ ಒಬ್ಬ ಹೆಂಗಸು ತಂಗಿದ್ದಾಳೆ ಎಂದು ಮಾತ್ರ ಗೊತ್ತಿತ್ತು.

ಮೊದಲ ವರ್ಷ ಅಕ್ಕ ಸುಖವಾಗಿದ್ದಳು. ತಮ್ಮ ಪೂರ್ತಿ ಅವಳಿಗೆ ಸಿಕ್ಕಿದ್ದ. ಎರಡನೆಯ ವರ್ಷ ಅವನ ಬಗ್ಗೆ ಮಾತಾಡಬೇಕು ಅನ್ನಿಸಿತು. ಪಕ್ಕದ ಮನೆಯಾಕೆಯನ್ನು ಕರೆದು ಕೂರಿಸಿಕೊಂಡು, "ನಮ್ಮ ಹುಡುಗ ತಣ್ಣಗಿನ ಮುದ್ದೆ ಮುಟ್ಟುತ್ತಿರಲಿಲ್ಲ, ಅಲ್ವಾ?" ಎಂದಳು.

"ಅವನು ಒಬ್ಬನೇ ಏರಿ ಹತ್ತಿದ," ಎಂದಳು ಆಕೆ. "ನಿಲ್ಲಲಿಲ್ಲ, ಯೋಚಿಸಲಿಲ್ಲ."

"ಅದಲ್ಲ. ಕಪ್ಪೆ ಕಂಡರೆ ಹೆದರುತ್ತಿದ್ದ. ಕೆರೆಯಲ್ಲೇ ಬದುಕುವವನಿಗೆ ಕಪ್ಪೆ ಭಯ ಅಂತ ನೀನೇ ನಗ್ತಿದ್ದೆ."

"ಊರಿಗಾಗಿ ಅವನೊಬ್ಬ ಹೋದ," ಎಂದು ಆಕೆ ಕೈ ಮುಗಿದಳು.

ಅವನ ಜೊತೆ ಈಜು ಕಲಿತವನನ್ನು ಕೇಳಿದಳು. ಅವನಿಂದ ನೀರು ಪಡೆದ ಗದ್ದೆಯವನನ್ನು ಕೇಳಿದಳು. ಎಲ್ಲರೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರು. ಅವಳ ತಮ್ಮ ಊರಿನ ತುಂಬ ಇದ್ದ, ಆದರೆ ಕಲ್ಲಿನ ಮೇಲಿನ ಆರೇಳು ಸಾಲಿನಷ್ಟೇ ಇದ್ದ.

ಮೂರನೆಯ ವರ್ಷ ಒಂದು ಸಂಜೆ ಮೊರ ಕೊಳ್ಳಲು ಕೆಳಗೇರಿಗೆ ಹೋದಳು. ಬಿದ್ದ ಗೋಡೆಯ ಆಚೆಯಿಂದ ದನಿ ಬಂತು.

"ಇವತ್ತು ಆರು ಮೆಟ್ಟಿಲು."

ತಮ್ಮನ ಹೆಂಡತಿ ಕೆರೆಗೆ ಹೋಗಿ, ಮೆಟ್ಟಿಲು ನೋಡಿಕೊಂಡು ಬಂದು, ಯಾರೂ ಇಲ್ಲದ ಮನೆಗೆ ಹೇಳುತ್ತಿದ್ದಳು. ಹೇಳಿ, ಉತ್ತರ ಸಿಕ್ಕವರ ಹಾಗೆ ಸಣ್ಣಗೆ ನಕ್ಕು, ಬಿದಿರಿನ ದಬ್ಬೆ ಸೀಳಲು ಕೂತಳು. ಅಕ್ಕ ಗೋಡೆ ಹಿಡಿದು ನಿಂತಳು. ಇವಳ ಹತ್ತಿರ ಅವನು ಇನ್ನೂ ಇದ್ದಾನೆ. ಗಂಡನನ್ನು, ಹೆಸರನ್ನು, ಮನೆಯನ್ನು ಎಲ್ಲ ಕಿತ್ತುಕೊಂಡೆ. ಆದರೂ ಇವಳ ಹತ್ತಿರವೇ ಇದ್ದಾನೆ ಎಂದುಕೊಂಡಳು. ಮರುದಿನವೂ ಬಂದು ಕೇಳಿದಳು. ಅದರ ಮರುದಿನವೂ ಬಂದಳು. ಹೊಟ್ಟೆ ಉರಿಸಿಕೊಳ್ಳಲೆಂದೇ ಬರುವವಳ ಹಾಗೆ ಹನ್ನೆರಡು ದಿನ ಬಂದಳು. ಹದಿಮೂರನೆಯ ದಿನ ತಡೆಯಲಾರದೆ ಕರೆದಳು.

"ಹೊನ್ನಾಜೀ."

ಒಳಗಿದ್ದವಳ ಕೈ ನಿಂತಿತು. "ಮೂರು ವರ್ಷದಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ನೀವೇ ಮೊದಲು," ಎಂದಳು. "ಬೇರೆ ಯಾರಾದರೂ ಆಗಿದ್ದಿದ್ದರೆ ಚೆನ್ನಾಗಿತ್ತು."

"ಮಾಳಿಗೆಯಿಂದ ನನಗೆ ಅವನ ಬೆನ್ನು ಮಾತ್ರ ಕಂಡಿದ್ದು ಕಣೇ. ಕೊನೆಗೆ ಅವನ ಮುಖ ಹೇಗಿತ್ತು? ಅಷ್ಟು ಹೇಳು."

"ಅದನ್ನೂ ನಿಮಗೇ ಕೊಡಬೇಕಾ?"

"ಕೊಡು."

"ಕಟ್ಟೆ ಮೇಲೆ ನಿಂತು ಕೊಡ್ತೀನಿ. ನಿಮ್ಮ ಬಾಯಿ ಹಿಂದಕ್ಕೆ ತಗೊಳ್ಳಿ."

ಊರಿನ ಕಟ್ಟಳೆಯಲ್ಲಿ ಅದಕ್ಕೆ ಜಾಗವಿತ್ತು. ಹೇಳಿದವರೇ ಬಂದು ಮಾತು ಹಿಂದಕ್ಕೆ ತೆಗೆದುಕೊಂಡರೆ, ಹಳೆಯ ಕಲ್ಲನ್ನು ಮಗುಚಿ ಹಾಕಿ ಹೊಸ ಕಲ್ಲು ನಿಲ್ಲಿಸಬಹುದಿತ್ತು. ಹಾಗೆ ಮಾಡಿದವರು ಯಾರಾದರೂ ಇದ್ದರೋ ಇಲ್ಲವೋ, ಊರಿಗೆ ನೆನಪಿರಲಿಲ್ಲ.

"ನೀನು ಹೇಳುವಾಗ ನನ್ನನ್ನು ಏನು ಮಾಡ್ತೀಯಾ?" ಎಂದಳು ಅಕ್ಕ.

"ನಿಮ್ಮನ್ನು ಕಲ್ಲಿಗೆ ಸೇರಿಸಿದರೆ, ನಾನು ಹೇಳಿದ್ದಷ್ಟೇ ನಿಮಗೆ ಉಳಿಯತ್ತೆ. ನೀವು ಕಂಡಿದ್ದು ಹೋಗತ್ತೆ. ಬಿಟ್ಟರೆ ನೀವು ಕಂಡಿದ್ದೆಲ್ಲ ನಿಮಗೇ ಇರತ್ತೆ, ಊರಿಗೆ ನೀವಿರಲ್ಲ."

"ಎರಡರಲ್ಲಿ ಯಾವುದು?"

"ಗೊತ್ತಿಲ್ಲ. ಅವತ್ತು ಕಟ್ಟೆ ಹತ್ತುವಾಗ ನಿಮಗೆ ಮೊದಲೇ ಗೊತ್ತಿತ್ತಾ?"

ಅಕ್ಕ ತಿರುಗಿ ಮನೆಗೆ ಹೋದಳು. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಳು. ಆ ವರ್ಷದ ದಿನ ಬಂತು. ಬೆರಳು ಅದ್ದಿ ಮೊದಲ ಅಕ್ಷರ ಮುಟ್ಟಿದಳು. ಯಾರೋ ಪರವೂರಿನವರು, "ಹೇಗಿದ್ದರು ತಾಯಿ ನಿಮ್ಮ ತಮ್ಮ?" ಎಂದು ಕೇಳಿದರು. "ನಿಲ್ಲಲಿಲ್ಲ, ಯೋಚಿಸಲಿಲ್ಲ," ಎಂದಿತು ಅವಳ ಬಾಯಿ. ಅವನು ಹೊಸಿಲಲ್ಲಿ ನಿಂತು ಕರೆಯುತ್ತಿದ್ದ ದನಿಯನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ಕಲ್ಲಿನ ಮೇಲೆ ಬೆರಳು ಉಜ್ಜುವ ಸದ್ದು ಬಂತು, ದನಿ ಬರಲಿಲ್ಲ.

ಅವಳು ಅಲ್ಲೇ ಕಟ್ಟೆ ಹತ್ತಿದಳು. "ನನ್ನ ಬಾಯಿ ಹಿಂದಕ್ಕೆ ತಗೊಳ್ತೀನಿ," ಎಂದಳು. "ಇದನ್ನು ಕಂಡ ಇನ್ನೊಬ್ಬಳಿದ್ದಾಳೆ. ಕರೆಸಿ."

ಊರು ಗುಜುಗುಜು ಎಂದಿತು. ಬುಟ್ಟಿಯ ಹೆಂಗಸಿಗೂ ನೀರಗಂಟಿಗೂ ಏನು ಸಂಬಂಧ ಎಂದು ಯಾರಿಗೂ ಅರ್ಥವಾಗಲಿಲ್ಲ. ಆದರೆ ಕಟ್ಟಳೆ ಕಟ್ಟಳೆಯೇ. ನಾಲ್ಕು ಜನ ಸೇರಿ ಕಲ್ಲನ್ನು ಮಗುಚಿದರು. ತಮ್ಮನ ಹೆಂಡತಿ ಕಟ್ಟೆ ಹತ್ತಿ ನೀರು ಕುಡಿದಳು. ಈ ಸಲ ಕೆಳಗೆ ಕೂತು ಕಾಯುವ ಸರದಿ ಅಕ್ಕನದು.

"ಅವರು ನನ್ನ ಗಂಡ," ಎಂದು ಅವಳು ಶುರುಮಾಡಿದಳು. "ಏರಿ ಹತ್ತುವಾಗ ಅವರ ಮುಖದಲ್ಲಿ ಭಯ ಇತ್ತು. ತುಟಿ ಒಣಗಿತ್ತು. ನೀನು ಹೋಗಿ ಕೆಳಗೇರಿಯವರನ್ನು ಎಬ್ಬಿಸು, ನೀನು ಬಂದು ಹೇಳುವವರೆಗೂ ಹಾರೆ ಹಾಕಲ್ಲ ಅಂದರು. ನಾನು ಓಡಿದೆ. ಮನೆಮನೆಯ ಬಾಗಿಲು ಬಡಿದೆ. ಎಲ್ಲರನ್ನೂ ದಿಬ್ಬ ಹತ್ತಿಸಿದೆ. ಅವರು ನಿಂತಿದ್ದರು. ಏರಿ ಕಾಲಡಿಯಲ್ಲಿ ಬಿರುಕು ಬಿಡ್ತಿತ್ತು, ಆದರೂ ನಿಂತಿದ್ದರು."

ಕೆಳಗೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೊನೆಯ ಮನೆ ನಮ್ಮಪ್ಪನದು. ಕೆಳಗೇರಿಗೆಲ್ಲ ಬುಟ್ಟಿ ಕಲಿಸಿದವರು, ಕಾಲಿಲ್ಲದವರು. ಬೇರೆಯವರದಾದ ಮೇಲೆ ನಮ್ಮದು ಅಂತ ಬಿಟ್ಟಿದ್ದೆ. ಇನ್ನೊಬ್ಬರಿದ್ದಾರೆ ಅಂತ ಹೇಳೋಕೆ ಏರಿಯ ಬುಡಕ್ಕೆ ಓಡಿ ಬಂದೆ. ಆಗ ಮೇಲಿನ ಬೀದಿಯ ಮಾಳಿಗೆಯಿಂದ ಅವರ ಅಕ್ಕ ಕೂಗಿದರು. ಅವರನ್ನು ಹಡೆಯದೆ ಸಾಕಿದ ಅಕ್ಕ. ‘ಕಡಿ, ಕಡಿ’ ಅಂತ ಕೂಗಿದರು. ನನ್ನ ಗಂಡ ಹಾರೆ ಎತ್ತಿ ಕಡಿದರು. ನಮ್ಮಪ್ಪ ಹೋದರು. ಏರಿ ಜರಿದು ಅವರೂ ಹೋದರು."

ಅಕ್ಕ ಎದ್ದು ನಿಂತಳು.

"ಕಡಿ ಅನ್ನಲಿಲ್ಲ ಕಣೇ. ‘ನಡಿ’ ಅಂದೆ. ಏರಿ ಹಾಳಾಗಿ ಹೋಗಲಿ, ಊರು ಹಾಳಾಗಿ ಹೋಗಲಿ, ನೀನು ಅಲ್ಲಿಂದ ನಡಿ ಅಂತ ಕೂಗಿದೆ. ಅವನು ಬದುಕಿದರೆ ಸಾಕಿತ್ತು ನನಗೆ."

"ನನ್ನ ಕಿವಿಯಾರೆ ಕೇಳಿದ್ದೀನಿ. ಕಡಿ ಅಂತ."

"ನೀರಿನ ಆ ಅಬ್ಬರದಲ್ಲಿ ನಿನಗೇನು ಕೇಳಿಸಿತೋ. ನೀನು ಏನು ಕೂಗಿದೆ?"

"ನಾನು..." ಅವಳು ತಡವರಿಸಿದಳು. "ತಡೀರಿ ಅನ್ನೋಕೆ ಉಸಿರಿರಲಿಲ್ಲ. ‘ತಡಿ’ ಅಂದೆ. ಗಂಡನನ್ನು ಏಕವಚನದಲ್ಲಿ ಕೂಗಿದ್ದು ಅದೊಂದೇ ಸಲ."

ಕಲ್ಲುಕುಟಿಗ ಉಳಿಯನ್ನು ಕಲ್ಲಿನಿಂದ ಎತ್ತಿದ. ಮಾಳಿಗೆಯಿಂದ ನಡಿ. ಏರಿಯ ಬುಡದಿಂದ ತಡಿ. ನಡುವೆ ನೀರಿನ ಸದ್ದು. ಆ ಸದ್ದಿನೊಳಗೆ ನಿಂತವನ ಕಿವಿಗೆ ಯಾರ ಕೂಗು ಕಡಿಯಾಗಿ ಬಿತ್ತೋ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಅದು ಹೊಳೆಯಿತು.

"ಯಾವ ಅಕ್ಷರ ಹಾಕಲಿ?" ಎಂದ ಕಲ್ಲುಕುಟಿಗ. "ಕಟ್ಟೆ ಮೇಲಿರೋದು ನೀವು. ನಿಮ್ಮ ಮಾತೇ ಮಾತು."

ಒಂದೇ ಒಂದು ಅಕ್ಷರ. ‘ಕ’ ಎಂದು ಅದೊಂದನ್ನು ಹೇಳಿದರೆ ಅಕ್ಕ ಇರುವಷ್ಟು ಕಾಲವೂ, ಊರಿರುವಷ್ಟು ಕಾಲವೂ ಕೊಂದವಳು. ಅವಳಿಗೇ ಅದು ನಿಜವೆಂದು ನೆನಪಿರುತ್ತದೆ. ಹೆಂಡತಿ ಬಾಯಿ ತೆರೆದಳು. ಮೂರು ವರ್ಷದ ಸಂಜೆಗಳು ಅವಳ ನಾಲಿಗೆಯ ತುದಿಯಲ್ಲಿ ಬಂದು ನಿಂತವು.

"ಅಕ್ಕ ಕೂಗಿದರು, ಹೆಂಡತಿ ಕೂಗಿದಳು ಅಂತ ಹಾಕಿ," ಎಂದಳು ಕೊನೆಗೆ. "ಅವರಿಗೆ ಕೇಳಿಸಿದ ಮಾತಿನ ಮೊದಲ ಅಕ್ಷರ ಬಿಡಿ. ‘ಡಿ’ ಮಾತ್ರ ಕೆತ್ತಿ."

ಹಿರಿಯನಿಗೆ ಸಿಟ್ಟು ಬಂತು. "ಕಲ್ಲಿನಲ್ಲಿ ಅನುಮಾನ ಕೆತ್ತೋಕಾಗಲ್ಲ. ಊರಿಗೆ ಏನಂತ ನೆನಪಿರಬೇಕು?"

"ಗೊತ್ತಿಲ್ಲ ಅಂತ ನೆನಪಿರಲಿ."

"ಒಂದಕ್ಷರದ ಜಾಗ ಬಿಡೋದಕ್ಕೆ ಉಳಿ ಬೇಕಿಲ್ಲ ಯಜಮಾನರೇ," ಎಂದ ಕಲ್ಲುಕುಟಿಗ. "ಕೈ ಸುಮ್ಮನಿದ್ದರೆ ಸಾಕು."

ಅವನು ಪುಡಿ ಊದಿದ. ಕೆಳಗೇರಿಯ ಮುದುಕಿಯೊಬ್ಬಳು ಎದೆ ಬಡಿದುಕೊಂಡು ಅಳಲು ಶುರುಮಾಡಿದಳು. "ಬುಟ್ಟಿ ಕಲಿಸಿದವನು ಅವನಲ್ವೇನ್ರೇ, ಆ ಕಾಲಿಲ್ಲದ ಪುಣ್ಯಾತ್ಮ!" ಒಬ್ಬ ಗಂಡಸು ಎದ್ದು ನಿಂತು, "ನಮ್ಮ ಬಾಗಿಲು ಬಡಿದವಳು ಇವಳು. ಆಮೇಲೆ ನಮ್ಮ ಕಡೆಗೇ ಕಡಿದರಲ್ಲ!" ಎಂದ. ಮೇಲಿನ ಬೀದಿಯವರು ಅವನ ಮೇಲೆ ಕೂಗಾಡಿದರು. ಆ ಊರಿನಲ್ಲಿ ಹಳೆಯ ಸಂಗತಿಯ ಬಗ್ಗೆ ನಡೆದ ಮೊದಲ ಜಗಳ ಅದು. ಅಂದಿನಿಂದ ಅದು ನಿಲ್ಲಲೇ ಇಲ್ಲ. ಆ ಖಾಲಿ ಜಾಗದಲ್ಲಿ ಕೆಳಗೇರಿಯವರು ಅಕ್ಕ ಕೂಗಿದ್ದೇ ಕಡಿ ಎಂದು ಓದಿದರು. ಮೇಲಿನ ಬೀದಿಯವರು ಹೆಂಡತಿಯ ಕೂಗೇ ಅವನ ಕೈಗೆ ಅಡ್ಡ ಬಂತು, ಇಲ್ಲದಿದ್ದರೆ ಬದುಕುತ್ತಿದ್ದ ಎಂದರು. ಮದುವೆ ಮನೆಯ ಪಂಕ್ತಿಯಲ್ಲೂ ಅದೇ ಮಾತು, ನೀರು ಸೇದುವಲ್ಲೂ ಅದೇ ಮಾತು.

ಅಕ್ಕನಿಗೆ ಯಾವುದು ನಿಜವೆಂದು ಗೊತ್ತಿರಲಿಲ್ಲ. ತಾನು ಮಾಳಿಗೆಯ ಮೇಲೆ ನಿಂತು ಕೂಗಿದೆ ಎಂದು ಅವಳಿಗೆ ನೆನಪಿತ್ತು, ಕಲ್ಲಿನಲ್ಲಿ ಅಷ್ಟಿತ್ತು. ಏನು ಕೂಗಿದೆ ಎನ್ನುವುದು ಇರಲಿಲ್ಲ. ಕಟ್ಟೆಯ ಮುಂದೆ ಎದ್ದು ನಿಂತು ಹೇಳಿದ್ದೂ ಕಲ್ಲಿನ ಪುಡಿಯ ಜೊತೆಗೇ ಹೋಗಿತ್ತು. ಈಗ ದಾರಿಯಲ್ಲಿ ಅವಳಿಗೆ ಯಾರೂ ಸರಿದು ಜಾಗ ಕೊಡುತ್ತಿರಲಿಲ್ಲ. ಕೆಳಗೇರಿಯ ಹೆಂಗಸೊಬ್ಬಳು ಎದುರಿಗೇ, "ಊರುಳಿಸೋಕೆ ತಮ್ಮನಿಗೆ ಕಡಿ ಅಂದವಳು," ಎಂದು ಉಗಿದು ಹೋದಳು. ಅಕ್ಕ ಮಾಳಿಗೆ ಹತ್ತಿ ಒಂದು ಮಾತು ಪಿಸುಗುಟ್ಟುತ್ತಿದ್ದಳು, ಇನ್ನೊಂದು ಮಾತು ಪಿಸುಗುಟ್ಟುತ್ತಿದ್ದಳು. ಎರಡೂ ಅವಳ ಬಾಯಿಗೆ ಸರಿಯಾಗಿ ಕೂರುತ್ತಿದ್ದವು. ತಾನು ಎಂಥವಳು ಎನ್ನುವುದು ಅವಳಿಗೇ ತಿಳಿಯದೆ ಹೋಯಿತು. ಊಟ ಸೇರಲಿಲ್ಲ. ಹೀಗೆ ಒಂದು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ತಮ್ಮನ ಹೆಂಡತಿಯ ಮನೆಗೆ ಹೋದಳು.

ಅವಳು ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದಳು. ಬಿದ್ದ ಗೋಡೆಯನ್ನು ಕೆಳಗೇರಿಯವರು ಎತ್ತಿ ಕಟ್ಟಿಕೊಟ್ಟಿದ್ದರು.

"ಹೊನ್ನಾಜಿ, ಹೇಳಿದವಳು ನೀನು. ನಿನಗೊಬ್ಬಳಿಗೇ ಎಲ್ಲ ನೆನಪಿರೋದು," ಎಂದಳು ಅಕ್ಕ. "ಅವತ್ತು ನಾನು ಏನು ಕೂಗಿದೆ?"

ಅವಳು ದಬ್ಬೆಯೊಂದನ್ನು ಒಳಗೆ ತೂರಿಸಿ, ಹೊರಗೆಳೆದು, ಬಗ್ಗಿಸಿ, ಒಂದು ಸುತ್ತು ಪೂರ್ತಿ ಮುಗಿಸಿದಳು.

"ನಡಿ ಅಂದಿರಿ."

"ನಿನಗೆ ಹಾಗೆ ಕೇಳಿಸಿತಾ?"

"ನನಗೆ ಕೇಳಿಸಿದ್ದು ಬೇರೆ. ಕಟ್ಟೆ ಮುಂದೆ ಎದ್ದು ನಿಂತು ನೀವೇ ನಡಿ ಅಂದೆ ಅಂದಿರಿ. ಊರು ಹಾಳಾಗಲಿ, ನೀನು ನಡಿ ಅಂದೆ ಅಂತ. ಆಗ ನಿಮ್ಮ ಮುಖ ನೋಡಿದೆ. ಅದು ಸುಳ್ಳು ಹೇಳೋ ಮುಖ ಆಗಿರಲಿಲ್ಲ. ಮೊದಲ ಸಲ ಕಟ್ಟೆ ಹತ್ತಿ ಸುಳ್ಳು ಹೇಳಿದಾಗ ಹೇಗಿತ್ತು ಅಂತಲೂ ನೋಡಿದ್ದೀನಿ."

ಅಕ್ಕ ಜಗುಲಿಯ ಅಂಚಿಗೆ ಒರಗಿದಳು. ಆಮೇಲೆ ಅನುಮಾನ ಬಂತು. "ನನಗೆ ಸಮಾಧಾನ ಆಗಲಿ ಅಂತ ಹೇಳ್ತಿದ್ದೀಯಾ?"

"ನಿಮ್ಮ ಸಮಾಧಾನ ಕಟ್ಟಿಕೊಂಡು ನನಗೇನಾಗಬೇಕು ಅತ್ತಿಗೆ?" ಅವಳು ತಲೆ ಎತ್ತಿದಳು. "ಇವತ್ತಿಗೂ ನಿಮ್ಮನ್ನು ಕಂಡರೆ ನನಗಾಗಲ್ಲ. ಅವರು ಉಣ್ಣುವಾಗ ನಿಮ್ಮ ಕೈತುತ್ತಿನ ಮಾತು ತೆಗೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಈಗಲೂ ನೆನೆಸಿಕೊಂಡರೆ ಇಳಿಯಲ್ಲ."

ಅಕ್ಕ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಹುಡುಕಿ ಹುಡುಕಿ ನೋಡಿದಳು. ಅಲ್ಲಿ ಎಲ್ಲಿಯೂ ಕನಿಕರ ಇರಲಿಲ್ಲ. ಆಗ ನಂಬಿದಳು.